ಲಾಮಾ ಕ್ಯಾಂಪಿನ ಬಗ್ಗೆ ನಮ್ಮ ಮಾತು, ಅಲ್ಲಿಯ ವಾಸ್ತವ

ಸವಣೂರಿನಿಂದ ಹೊರಟು ಶಿಗ್ಗಾಂವಿ ದಾಟಿ ಪಡುವಣಕ್ಕೆ ಸಾಗಿದರೆ ಎರಿಹೊಲ ಮುಗಿದು ಕಾಡು ಶುರುವಾಗುತ್ತದೆ. ಆ ಅಂಚಿನಲ್ಲೇ ಮುಂಡಗೋಡ. ಊರಿಗೆ ಹೊಂದಿಕೊಂಡ ಸುಮಾರು 4,000 ಎಕರೆ ನೆಲದಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು ಬದುಕುತ್ತಿದ್ದಾರೆ. ಆ ನೆಲೆಗೆ ಅವರಿಟ್ಟ ಹೆಸರು ಡೊಯೆಗುಲಿಂಗ್. ಶಿಗ್ಗಾಂವಿ, ಹಾನಗಲ್ಲ, ಸವಣೂರ, ಹಿರೇಕೆರೂರ ಕಡೆಯ ನಮಗೆಲ್ಲ ಅದು ‘ಲಾಮಾ ಕ್ಯಾಂಪು’. ಸೂಟಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಬಂಗಾರದ ಬಣ್ಣದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಸಂಜೆಗೆ ಮನೆ ಸೇರುವ ಜಾಗ.

ಇಷ್ಟು ಹತ್ತಿರ ಇದ್ದೂ ಅವರ ಬಗ್ಗೆ ನಾವು ಆಡುವ ಮಾತುಗಳು ಅರವತ್ತು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಖಾರದ ಅಂಗಡಿಯ ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಕೇಳಿಬರುವ ಅದೇ ಏಳೆಂಟು ಮಾತುಗಳು. ಅವುಗಳಲ್ಲಿ ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸತ್ಯ. ಮನೆ ಕಳೆದುಕೊಂಡ ಜನರ ವಿಷಯದಲ್ಲಿ ಅರ್ಧ ಸತ್ಯವೂ ನೋವು ಕೊಡುತ್ತದೆ. ಹಾಗಾಗಿ ಒಂದೊಂದನ್ನೇ ತೆಗೆದುಕೊಂಡು ನೋಡೋಣ.

“ಅವ್ರು ಚೀನಾದವ್ರು ಬಿಡ್ರಿ.”

ಅಲ್ಲ. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಚೀನಾದ ಆಳ್ವಿಕೆಯ ವಿರುದ್ಧ ಜನ ದಂಗೆಯೆದ್ದರು. 17ರ ರಾತ್ರಿ ದಲೈ ಲಾಮಾ ವೇಷ ಮರೆಸಿಕೊಂಡು ಊರು ಬಿಟ್ಟರು. 31ರಂದು ಇಂದಿನ ಅರುಣಾಚಲದ ತವಾಂಗ್ ಕಡೆಯಿಂದ ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಯಾರಿಂದ ಓಡಿ ಬಂದರೋ ಅವರ ಹೆಸರಿನಿಂದಲೇ ಅವರನ್ನು ಕರೆಯುವುದು ಎಂಥ ಪೆಟ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಟಿಬೆಟಿನ ಲಿಪಿಗೆ ಚೀನೀ ಲಿಪಿಯ ಸಂಬಂಧವೇ ಇಲ್ಲ. ಏಳನೆಯ ಶತಮಾನದಲ್ಲಿ ಭಾರತದ ಲಿಪಿಯನ್ನು ನೋಡಿ ಅದನ್ನು ರೂಪಿಸಿದರು. ಥೋನ್ಮಿ ಸಂಭೋಟ ಎಂಬ ಮಂತ್ರಿ ಆ ಕೆಲಸ ಮಾಡಿದ ಎಂದು ಅವರ ಪರಂಪರೆ ಹೇಳುತ್ತದೆ. ನಮ್ಮ ಲಿಪಿಗೂ ಅದಕ್ಕೂ ಮೂಲ ಬ್ರಾಹ್ಮಿಯೇ. ಮುಂಡಗೋಡದ ಕ್ಯಾಂಪಿನ ಶಾಲೆಯಲ್ಲಿ ಒಂದನೆಯ ತರಗತಿಯ ಮಗು ಮೊದಲು ಕಲಿಯುವ ಸಾಲು ಕ, ಖ, ಗ, ಙ. ಮುಂದಿನ ಸಾಲು ಚ, ಛ, ಜ, ಞ. ಸವಣೂರಿನ ಕನ್ನಡ ಶಾಲೆಯ ಮಗುವೂ ಅದೇ ಹೊತ್ತಿಗೆ ಹೆಚ್ಚುಕಡಿಮೆ ಅದನ್ನೇ ಒದರುತ್ತಿರುತ್ತದೆ.

“ಸರಕಾರ ಪುಕ್ಕಟೆ ಹೊಲ ಕೊಟ್ಟೈತಿ, ಆರಾಮ ಅದಾರ.”

ಸರಕಾರ ಜಾಗ ಕೊಟ್ಟದ್ದು ನಿಜ, ಅದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು ಎಂಬುದೂ ನಿಜ. ಜವಾಹರಲಾಲ ನೆಹರೂ ನಿರಾಶ್ರಿತರಿಗೆ ನೆಲೆ ಕೊಡಿ ಎಂದು ರಾಜ್ಯಗಳನ್ನು ಕೇಳಿದಾಗ ಎಲ್ಲರಿಗಿಂತ ಹೆಚ್ಚು ನೆಲ ಬಿಟ್ಟುಕೊಟ್ಟದ್ದು ಮೈಸೂರು ರಾಜ್ಯ. ಮೊದಲು ಬೈಲಕುಪ್ಪೆ, ಆಮೇಲೆ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯ ಎರಡನೆಯ ನೆಲೆ, ನಂತರ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಮುಂಡಗೋಡದ ನೆಲೆ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು. ಮರುವರ್ಷವೇ, 1967ರಲ್ಲಿ, ಅವರು ನಮ್ಮ ಶಿಗ್ಗಾಂವಿ ಕ್ಷೇತ್ರದಿಂದಲೇ ವಿಧಾನಸಭೆಗೆ ಆಯ್ಕೆಯಾದರು. ದಲೈ ಲಾಮಾ ಇಂದಿಗೂ ನಿಜಲಿಂಗಪ್ಪನವರ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ನಾವು ಅವರನ್ನು ಏಕೀಕರಣದ ನಾಯಕರೆಂದು ನೆನೆಯುತ್ತೇವೆ, ಈ ಕೆಲಸಕ್ಕೂ ನೆನೆಯಬೇಕು.

ಆದರೆ ಕೊಟ್ಟದ್ದು ಉಳುಮೆಯ ಹೊಲವಲ್ಲ, ಕಾಡು. ಇಲ್ಲಿಗೆ ಬರುವ ಮೊದಲು ಅವರಲ್ಲಿ ಸಾವಿರಾರು ಜನ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗಳಾಗಿದ್ದರು. ಯಾಕ್ ಮೇಯಿಸಿ, ಬಾರ್ಲಿ ಬೆಳೆದು, ಹನ್ನೆರಡು ಸಾವಿರ ಅಡಿ ಎತ್ತರದ ಚಳಿಯಲ್ಲಿ ಬೆಳೆದ ಜನ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮರದ ಬೊಡ್ಡೆ ಕಿತ್ತು ಗೋವಿನಜೋಳ ಬಿತ್ತಿದರು. ಅವರ ಹಿರಿಯರು ಆ ವರ್ಷಗಳ ಮಾತು ತೆಗೆದರೆ ಮೊದಲು ಬರುವುದು ಸೆಕೆ, ಆಮೇಲೆ ರೋಗ.

ಮತ್ತು ಆ ನೆಲ ಅವರದಲ್ಲ. ಅದು ಸರಕಾರದ ನೆಲ, ಗುತ್ತಿಗೆಯ ಮೇಲೆ ಕೊಟ್ಟದ್ದು. ಮೂರು ತಲೆಮಾರು ಉತ್ತಿದ ಹೊಲವನ್ನು ಮಾರುವ ಹಕ್ಕು ಅವರಿಗಿಲ್ಲ. ಅದನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ತೆಗೆಯುವ, ನಮಗೆ ರೂಢಿಯಾದ ದಾರಿಯೂ ಅವರಿಗಿಲ್ಲ. ಮಳೆ ನಂಬಿದ ಆ ತುಂಡು ಹೊಲದಿಂದ ವರ್ಷ ಕಳೆಯುವುದಿಲ್ಲ. ಅದಕ್ಕೇ ಸ್ವೆಟರ್ ವ್ಯಾಪಾರ. ದೀಪಾವಳಿ ಹತ್ತಿರ ಬಂದಂತೆ ಲೂಧಿಯಾನದ ಮಾಲು ತರಿಸಿಕೊಂಡು, ಬಹಳ ಸಲ ಉದ್ರಿಯಲ್ಲೇ, ಹುಬ್ಬಳ್ಳಿಯಂಥ ಊರುಗಳಲ್ಲಿ ಸಾಲಾಗಿ ಅಂಗಡಿ ಹಾಕುತ್ತಾರೆ. ಆ ವರ್ಷ ಚಳಿ ಬೀಳದಿದ್ದರೆ ಮಾಲು ಹಾಗೇ ಉಳಿಯುತ್ತದೆ, ಸಾಲವೂ ಉಳಿಯುತ್ತದೆ. ಬೆಚ್ಚಗಿನ ಸ್ವೆಟರನ್ನು ಅವರಲ್ಲಿ ಚೌಕಾಸಿ ಮಾಡಿ ತಂದ ನಾವೇ “ಆರಾಮ ಅದಾರ” ಅಂದುಬಿಡುತ್ತೇವೆ.

“ಅಲ್ಲಿರೋರೆಲ್ಲಾ ಲಾಮಾಗೋಳು.”

ಸನ್ಯಾಸಿಗಳ ಮಠಗಳು ಬೇರೆ, ಸಂಸಾರಸ್ಥರ ಕ್ಯಾಂಪುಗಳು ಬೇರೆ. ರೈತರು, ಮಾಸ್ತರರು, ನರ್ಸುಗಳು, ಅಂಗಡಿಕಾರರು ಕ್ಯಾಂಪುಗಳಲ್ಲಿದ್ದಾರೆ. ಮಠಗಳಲ್ಲಿ ಇರುವವರೆಲ್ಲ ಟಿಬೆಟಿಯನ್ ನಿರಾಶ್ರಿತರೂ ಅಲ್ಲ. ಲಡಾಖ್, ಅರುಣಾಚಲ, ನೇಪಾಳ, ಮಂಗೋಲಿಯಾಗಳಿಂದ ಓದಲು ಬಂದ ಹುಡುಗರೂ ಬಹಳ ಇದ್ದಾರೆ. ಲಡಾಖಿನ ಹುಡುಗ ನನ್ನ ನಿಮ್ಮಷ್ಟೇ ಭಾರತೀಯ.

ಮಠಗಳ ಕತೆಯನ್ನು ಸ್ವಲ್ಪ ನಿಂತು ಕೇಳಬೇಕು. ಗಾಂದೆನ್ ಮಠವನ್ನು ತ್ಸೊಂಗ್‌ಖಪಾ ಎಂಬ ಗುರು 1409ರಲ್ಲಿ ಲ್ಹಾಸಾದ ಹತ್ತಿರ ಸ್ಥಾಪಿಸಿದರು. ಡ್ರೆಪುಂಗ್ 1416ರಲ್ಲಿ ಆಯಿತು. ನಮ್ಮಲ್ಲಿ ಅದು ವಿಜಯನಗರದ ಮೊದಲ ದೇವರಾಯನ ಕಾಲ. ಸಾವಿರಾರು ಸನ್ಯಾಸಿಗಳು ಓದುತ್ತಿದ್ದ ಆ ವಿದ್ಯಾಪೀಠಗಳು 1959ರ ನಂತರ ಹಾಳಾದವು. ಚೀನಾದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಗಾಂದೆನ್ ಪೂರ್ತಿ ನೆಲಸಮವಾಯಿತು. ತಪ್ಪಿಸಿಕೊಂಡು ಬಂದ ಸನ್ಯಾಸಿಗಳನ್ನು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇಟ್ಟರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ ಅದು. ಆ ತೇವದ ಗೋಡೆಗಳ ನಡುವೆ ಹತ್ತು ವರ್ಷ ಕಳೆದರು, ಕ್ಷಯದಿಂದ ಎಷ್ಟೋ ಜನ ಸತ್ತರು. ಆದರೆ ಪಾಠ ನಿಲ್ಲಿಸಲಿಲ್ಲ. 1969ರಲ್ಲಿ ಉಳಿದ ಕೆಲವು ನೂರು ಮಂದಿ ಮುಂಡಗೋಡಕ್ಕೆ ಬಂದು, ಹಗಲು ಕಾಡು ಕಡಿದು, ಹೊಲ ಉತ್ತು, ಸಂಜೆ ಮತ್ತೆ ಗಾಂದೆನ್, ಡ್ರೆಪುಂಗ್ ಎಂದು ಅದೇ ಹೆಸರಿನ ಮಠಗಳನ್ನು ಎಬ್ಬಿಸಿದರು. ಈಗ ಅಲ್ಲಿ ಸಾವಿರಾರು ವಿದ್ಯಾರ್ಥಿಗಳಿದ್ದಾರೆ.

ಸಂಜೆ ಹೊತ್ತಿಗೆ ಡ್ರೆಪುಂಗಿನ ಅಂಗಳದಲ್ಲಿ ನಿಂತರೆ ದೂರದಿಂದ ಜಗಳವೆಂದೇ ಅನಿಸುವ ಗದ್ದಲ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಎದುರು ಒಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಕೇಳುತ್ತ ಬಲಗೈಯನ್ನು ಎತ್ತಿ ಎಡ ಅಂಗೈಯ ಮೇಲೆ ಚಟೀರನೆ ಹೊಡೆಯುತ್ತಾನೆ, ಅದೇ ಕ್ಷಣಕ್ಕೆ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ. ಕೂತವನು ಉತ್ತರ ಕೊಡಬೇಕು, ತಡಮಾಡಬಾರದು, ಹಿಂದೆ ಒಪ್ಪಿದ ಮಾತಿಗೆ ಅಡ್ಡ ಹೋಗಬಾರದು. ಜಪಮಾಲೆ ತೋಳಿಗೆ ಜಾರಿರುತ್ತದೆ, ಮೈಮೇಲಿನ ಕೆಂಪು ವಸ್ತ್ರವನ್ನು ಮತ್ತೆ ಮತ್ತೆ ಹೆಗಲಿಗೆ ಎಳೆದುಕೊಳ್ಳುತ್ತಾರೆ. ಚರ್ಚೆ ಧರ್ಮಕೀರ್ತಿಯ ಪ್ರಮಾಣಶಾಸ್ತ್ರದ ಮೇಲೆ, ನಾಗಾರ್ಜುನನ ಶೂನ್ಯದ ಮೇಲೆ. ‘ಗೆಶೆ’ ಎಂಬ ಅತ್ಯುನ್ನತ ಪದವಿಗೆ ಹೀಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಓದಬೇಕು.

ಶತಮಾನಗಳ ಕಾಲ ಈ ಪದವಿ ಗಂಡಸರಿಗಷ್ಟೇ ಇತ್ತು. 2016ರ ಡಿಸೆಂಬರಿನಲ್ಲಿ ಡ್ರೆಪುಂಗಿನ 600ನೆಯ ವರ್ಷದ ಉತ್ಸವದಲ್ಲಿ 20 ಸನ್ಯಾಸಿನಿಯರು ದಲೈ ಲಾಮಾ ಕೈಯಿಂದ ‘ಗೆಶೆಮಾ’ ಪದವಿ ಪಡೆದರು. ಟಿಬೆಟಿನಲ್ಲಿ ಆಗದ್ದು ಮುಂಡಗೋಡದಲ್ಲಿ ಆಯಿತು. ಪರಂಪರೆಯನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು ಕಾಯ್ದ ಜನ ಇವರಲ್ಲ, ಅದನ್ನು ಮುಂದಕ್ಕೂ ಒಯ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

“ಬೌದ್ಧಧರ್ಮ ನಮ್ ಕಡೀದಲ್ಲ.”

ಅಶೋಕನ ಕಾಲದಲ್ಲಿ ಧರ್ಮಪ್ರಚಾರಕ್ಕೆ ದಿಕ್ಕು ದಿಕ್ಕಿಗೆ ಹೋದ ಭಿಕ್ಷುಗಳ ಪಟ್ಟಿಯನ್ನು ಸಿಂಹಳದ ‘ಮಹಾವಂಸ’ ಕೊಡುತ್ತದೆ. ಅದರಲ್ಲಿ ರಕ್ಖಿತನೆಂಬ ಭಿಕ್ಷು ಹೋದದ್ದು ವನವಾಸಕ್ಕೆ, ಅಂದರೆ ಹಾನಗಲ್ಲಿನ ನೆರೆಯ ಬನವಾಸಿಗೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮುಂಡಗೋಡದಲ್ಲಿ ಓದುವ ಶಾಸ್ತ್ರಗಳು ನಳಂದದವು. ಅವುಗಳಲ್ಲಿ ಎಷ್ಟೋ ಗ್ರಂಥಗಳ ಸಂಸ್ಕೃತ ಮೂಲ ಇಲ್ಲಿ ಕಳೆದುಹೋಗಿದೆ, ಟಿಬೆಟನ್ ಅನುವಾದದಲ್ಲಿ ಮಾತ್ರ ಉಳಿದಿದೆ.

“ಯಹೂದಿಗೋಳು ದುಡ್ಡಿನ್ಯಾಗ ಉಳದ್ರು, ಇವ್ರ ಹತ್ರ ಏನೈತಿ?”

ಇದು ಸ್ವಲ್ಪ ಓದಿದವರ ಬಾಯಲ್ಲಿ ಬರುವ ಮಾತು. ಎರಡು ಸಾವಿರ ವರ್ಷ ನೆಲವಿಲ್ಲದೆ ಉಳಿದ ಜನ ಎಂದರೆ ಯಹೂದಿಗಳು. ಅವರು ಹೇಗೆ ಉಳಿದರು ಎಂಬ ಪ್ರಶ್ನೆ ಖುದ್ದು ದಲೈ ಲಾಮಾ ಅವರನ್ನೂ ಕಾಡಿತ್ತು. 1990ರ ಅಕ್ಟೋಬರಿನಲ್ಲಿ ಅವರು ಯಹೂದಿ ಗುರುಗಳು, ವಿದ್ವಾಂಸರ ಒಂದು ತಂಡವನ್ನು ತಾವು ನೆಲೆಸಿರುವ ಧರ್ಮಶಾಲೆ ಊರಿಗೆ ಕರೆಸಿಕೊಂಡು, ಪರದೇಶದಲ್ಲಿ ಧರ್ಮವನ್ನೂ ಗುರುತನ್ನೂ ಕಾಯ್ದುಕೊಂಡ ಗುಟ್ಟೇನು ಎಂದು ಕೇಳಿದರು. ಜೊತೆಗೆ ಹೋಗಿದ್ದ ಅಮೆರಿಕನ್ ಕವಿ ರೋಜರ್ ಕ್ಯಾಮನೆಟ್ಸ್ ಆ ಭೇಟಿಯ ಕುರಿತು ಬರೆದ ಪುಸ್ತಕ 1994ರಲ್ಲಿ ಬಂತು.

ಉತ್ತರ ದುಡ್ಡಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. ಬಲಿಪೀಠವಿಲ್ಲ, ಪೂಜಾರಿಗಳಿಗೆ ಕೆಲಸವಿಲ್ಲ. ಆಗ ಯೋಹಾನನ್ ಬೆನ್ ಝಕ್ಕೈ ಎಂಬ ಗುರು ಯವ್ನೆ ಎಂಬ ಊರಿನಲ್ಲಿ ಪಾಠಶಾಲೆ ಕಟ್ಟಿದರು. ದೇವಾಲಯದಲ್ಲಿ ನಡೆಯುತ್ತಿದ್ದದ್ದು ನಿಧಾನವಾಗಿ ಮನೆಯ ಊಟದ ಮೇಜಿಗೆ, ಓದಿಗೆ, ವಾರದ ಒಂದು ದಿನಕ್ಕೆ ಬಂತು. ಹತ್ತು ಜನ ಸೇರಿದರೆ ಎಲ್ಲೇ ಆಗಲಿ ಸಾಮೂಹಿಕ ಪ್ರಾರ್ಥನೆ ನಡೆಯುತ್ತದೆ. ಮದುವೆಯ ಸಂಭ್ರಮದಲ್ಲೂ ವರ ಒಂದು ಗಾಜಿನ ಲೋಟ ತುಳಿದು ಒಡೆಯುತ್ತಾನೆ, ಹಾಳಾದ ದೇವಾಲಯದ ನೆನಪಿಗೆ. ಪಾಸ್‌ಓವರ್ ಹಬ್ಬದ ಊಟ ಮುಗಿಯುವುದೇ ಬರುವ ವರ್ಷ ಜೆರುಸಲೇಮಿನಲ್ಲಿ ಇರೋಣ ಎಂಬ ಹಾರೈಕೆಯಿಂದ. ನೆನಪನ್ನು ಭಾವನೆಯ ಕೈಗೆ ಬಿಡದೆ ಕ್ಯಾಲೆಂಡರಿಗೆ ಒಪ್ಪಿಸಿದ ಜನ ಅವರು.

ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ನಮ್ಮ ಪಕ್ಕದ ಕೊಂಕಣದ ಬೆನೆ ಇಸ್ರೇಲಿಗಳು ಕರಾವಳಿಯ ಹಳ್ಳಿಗಳಲ್ಲಿ ಗಾಣ ಆಡಿಸುತ್ತ ಬದುಕಿದ ಯಹೂದಿಗಳು. ಹೀಬ್ರೂ ಭಾಷೆ ಮರೆತಿತ್ತು, ಗ್ರಂಥಗಳಿರಲಿಲ್ಲ, ಮನೆಮಾತು ಮರಾಠಿ. ಆದರೆ ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಸುತ್ತಲಿನ ಜನ ಅವರನ್ನು ಕರೆದದ್ದೇ ‘ಶನಿವಾರ್ ತೇಲಿ’ ಎಂದು. ವಾರಕ್ಕೊಂದು ದಿನ ಗಾಣ ನಿಲ್ಲಿಸಿದ ಆ ರೂಢಿ ಶತಮಾನಗಳ ಕಾಲ ಅವರ ಗುರುತನ್ನು ಹಿಡಿದಿಟ್ಟಿತು. ಇನ್ನೂ ಹಿಂದೆ, 12ನೆಯ ಶತಮಾನದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲೇ ಹದಿನೇಳು ವರ್ಷದಷ್ಟು ಕಾಲ ಇದ್ದ. ಇಲ್ಲಿಂದ ಹೋದ, ಇಲ್ಲಿಗೆ ಬಂದ ಅವನ ಪತ್ರಗಳು ಕೈರೋದ ಸಿನಗಾಗಿನಲ್ಲಿ ಸಿಕ್ಕಿವೆ.

ಮುಂಡಗೋಡದಲ್ಲಿ ನಡೆಯುತ್ತಿರುವುದೂ ಇದೇ ಕೆಲಸ. ಮಾರ್ಚ್ 10ರ ದಂಗೆಯ ನೆನಪು, ದಲೈ ಲಾಮಾ ಹುಟ್ಟಿದ ದಿನ ಜುಲೈ 6, ಲೋಸಾರ್ ಎಂಬ ಹೊಸ ವರ್ಷ, ಮಕ್ಕಳಿಗೆ ಟಿಬೆಟನ್ ಅಕ್ಷರ, ಮಠದಲ್ಲಿ ಸಂಜೆಯ ವಾದ. “ಇವ್ರ ಹತ್ರ ಏನೈತಿ” ಎಂಬುದಕ್ಕೆ ಉತ್ತರ ಇಷ್ಟೂ.

“ಓಟೂ ಹಾಕ್ತಾರ. ಇಲ್ಲ್ಯಾವ್ರೇ ಆದ್ರು, ಊರ ಮರತ್ರು.”

ಇಲ್ಲಿ ಕಾನೂನು ತೊಡಕಿನದು. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಕಾನೂನಿನ ಲೆಕ್ಕದಲ್ಲಿ ಅವರು ನೋಂದಾಯಿತ ವಿದೇಶಿಯರು. ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ‘ಆರ್‌ಸಿ’ ಎಂಬ ನೋಂದಣಿ ಪತ್ರ. ಪರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಒಂದು ಗುರುತಿನ ಪುಸ್ತಕ.

ಇನ್ನೊಂದು ಕಡೆ, ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅಪ್ಪ ಅಮ್ಮ ಯಾರೇ ಆಗಿರಲಿ. ಈ ಮಾತನ್ನು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರ ಆಗಸ್ಟಿನಲ್ಲಿ ಎತ್ತಿಹಿಡಿದವು. 2014ರಲ್ಲಿ ಚುನಾವಣಾ ಆಯೋಗವೂ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ಹಾಗಾಗಿ ಕೆಲವರಿಗೆ ಓಟಿದೆ ಎಂಬುದು ನಿಜ. ಹಳೆಯ ತಲೆಮಾರಿಗೆ, ಟಿಬೆಟಿನಲ್ಲಿ ಹುಟ್ಟಿ ಬಂದವರಿಗೆ ಈ ಹಕ್ಕಿಲ್ಲ. 1987ರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿದ್ದರೆ ಮಾತ್ರ ದಾರಿಯಿದೆ, 2004ರ ಡಿಸೆಂಬರ್ ನಂತರ ನಿಯಮ ಇನ್ನೂ ಬಿಗಿ.

ಹಕ್ಕಿದ್ದವರಲ್ಲೂ ಎಷ್ಟೋ ಜನ ಪಾಸ್‌ಪೋರ್ಟ್ ಕೇಳಲು ಹೋಗುವುದಿಲ್ಲ. 2017ರಲ್ಲಿ ಬಂದ ಸೂಚನೆಯ ಪ್ರಕಾರ ಪಾಸ್‌ಪೋರ್ಟ್ ಬೇಕಾದವರು ಆರ್‌ಸಿ ಮರಳಿಸಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು, ನಿರಾಶ್ರಿತರ ಸೌಲಭ್ಯ ಬಿಡಬೇಕು. ಹುಟ್ಟಿ ಬೆಳೆದ ಮನೆಯೋ, ಹುಟ್ಟಿದ ದೇಶದ ಪಾಸ್‌ಪೋರ್ಟೋ ಎಂದು ಒಬ್ಬರಿಗೆ ಆರಿಸಿಕೊಳ್ಳಲು ಹೇಳುವುದು ಕ್ರೂರ ಎಂದೇ ನನ್ನ ಎಣಿಕೆ. ಇದರಾಚೆಗೂ ಒಂದು ಕಾರಣವಿದೆ. ಆರ್‌ಸಿ ಹಿಡಿದಿರುವವರೆಗೆ ನಾನು ಮರಳಬೇಕಾದ ಊರೊಂದಿದೆ ಎಂಬುದಕ್ಕೆ ಕಾಗದದ ಪುರಾವೆ ಇರುತ್ತದೆ ಎಂದು ನಂಬಿದವರು ಅವರಲ್ಲಿ ಬಹಳ. ಊರು ಮರೆತವರು ಹೀಗೆ ಮಾಡುವುದಿಲ್ಲ. ಅದರ ಜೊತೆಗೇ ಪೌರತ್ವ ಪಡೆದವರನ್ನು ಊರು ಮರೆತವರೆನ್ನುವುದೂ ಸರಿಯಲ್ಲ. ಬೇರು ಬಿಡುವುದಕ್ಕೂ ಹಂಬಲಿಸುವುದಕ್ಕೂ ಜಗಳವಿಲ್ಲ. ಮುಂಡಗೋಡದ ಪೇಟೆಯಲ್ಲಿ ಕನ್ನಡದಲ್ಲೇ ಕಾಯಿಪಲ್ಲೆ ಕೊಂಡು ಮನೆಗೆ ಹೋಗಿ ಲ್ಹಾಸಾದ ಚಿತ್ರದ ಮುಂದೆ ದೀಪ ಹಚ್ಚುವವರಿಗೆ ಇದು ದಿನನಿತ್ಯದ ಬದುಕು.

ಅವರು ಇನ್ನೊಂದು ಓಟನ್ನೂ ಹಾಕುತ್ತಾರೆ. ದೇಶಭ್ರಷ್ಟ ಟಿಬೆಟಿಯನ್ನರ ಸಂಸತ್ತು ಮೊದಲ ಸಲ ಕೂಡಿದ್ದು 1960ರ ಸೆಪ್ಟೆಂಬರ್ 2ರಂದು. ಅದರ ಸದಸ್ಯರನ್ನೂ ‘ಸಿಕ್ಯೋಂಗ್’ ಎಂಬ ಮುಖ್ಯಸ್ಥರನ್ನೂ ಜಗತ್ತಿನ ಬೇರೆ ಬೇರೆ ಕಡೆ ಇರುವ ಟಿಬೆಟಿಯನ್ನರು ಆರಿಸುತ್ತಾರೆ, ಮುಂಡಗೋಡದ ಕ್ಯಾಂಪುಗಳಲ್ಲೂ ಮತದಾನ ನಡೆಯುತ್ತದೆ. ಯಾವ ದೇಶವೂ ಮಾನ್ಯ ಮಾಡದ ಸರಕಾರಕ್ಕೆ ಸಾಲಿನಲ್ಲಿ ನಿಂತು ಓಟು ಹಾಕುವ ಜನ.

“ಯಹೂದಿಗೋಳು ಹೋದಂಗ ಇವ್ರೂ ಒಂದಿನ ಎಲ್ಲಾರೂ ಎದ್ದು ಹೊಕ್ಕಾರ.”

ಬಾಗಿಲು ತೆರೆದರೂ ಎಲ್ಲರೂ ಹೋಗುವುದಿಲ್ಲ, ಯಹೂದಿಗಳೂ ಹೋಗಲಿಲ್ಲ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಪರ್ಷಿಯದ ಸೈರಸ್ ಬಾಬಿಲೋನಿನ ಸೆರೆಯಿಂದ ಬಿಡುಗಡೆ ಕೊಟ್ಟಾಗ ದೊಡ್ಡ ಪಾಲು ಜನ ಅಲ್ಲೇ ಉಳಿದರು. ಅವರ ಧರ್ಮದ ಮಹಾಗ್ರಂಥವಾದ ತಾಲ್ಮುಡ್ ಪೂರ್ಣ ರೂಪ ಪಡೆದದ್ದು ಮುಂದೆ ಅದೇ ಬಾಬಿಲೋನಿನ ಪಾಠಶಾಲೆಗಳಲ್ಲಿ. 1948ರಲ್ಲಿ ಇಸ್ರೇಲ್ ಹುಟ್ಟಿತು. ಆ ಮರಳುವಿಕೆಯ ಹೊತ್ತಿಗೇ ಏಳು ಲಕ್ಷದಷ್ಟು ಪ್ಯಾಲೆಸ್ಟೀನಿಯನ್ನರು ಮನೆ ಕಳೆದುಕೊಂಡರು, ಅವರ ಮೊಮ್ಮಕ್ಕಳು ಇಂದಿಗೂ ನಿರಾಶ್ರಿತರ ಶಿಬಿರಗಳಲ್ಲಿದ್ದಾರೆ. ಅವರೂ ಬಿಟ್ಟುಬಂದ ಮನೆಯ ಬೀಗದಕೈ ಜೋಪಾನ ಮಾಡಿದ್ದಾರೆ. ಯಹೂದಿಗಳ ಹಂಬಲವನ್ನು ಗೌರವಿಸುವವರು ಈ ಹಂಬಲವನ್ನೂ ಗೌರವಿಸಬೇಕು.

ಟಿಬೆಟಿಯನ್ನರ ನಾಯಕತ್ವ ಇಂದು ಕೇಳುತ್ತಿರುವುದು ಪ್ರತ್ಯೇಕ ರಾಷ್ಟ್ರವನ್ನೂ ಅಲ್ಲ. 1988ರಲ್ಲಿ ದಲೈ ಲಾಮಾ ಸ್ಟ್ರಾಸ್‌ಬರ್ಗಿನಲ್ಲಿ ಮುಂದಿಟ್ಟದ್ದು ಚೀನಾದೊಂದಿಗೆ ಇದ್ದುಕೊಂಡೇ ನಿಜವಾದ ಸ್ವಾಯತ್ತತೆ ಎಂಬ ಮಧ್ಯಮ ಮಾರ್ಗ. 2002ರಿಂದ 2010ರವರೆಗೆ ಒಂಬತ್ತು ಸುತ್ತು ಮಾತುಕತೆ ನಡೆದು ನಿಂತಿತು. ಪೂರ್ಣ ಸ್ವಾತಂತ್ರ್ಯವೇ ಬೇಕೆನ್ನುವ ಯುವಕರೂ ಕ್ಯಾಂಪುಗಳಲ್ಲಿದ್ದಾರೆ.

ಈ ನಡುವೆ ನೆಲೆಗಳೇ ಬಡವಾಗುತ್ತಿವೆ. 2009ರ ಅವರದೇ ಗಣತಿಯಲ್ಲಿ ಭಾರತದಲ್ಲಿ 94,000ಕ್ಕೂ ಹೆಚ್ಚು ಟಿಬೆಟಿಯನ್ನರಿದ್ದರು. ಆ ಸಂಖ್ಯೆ ಆಮೇಲೆ ಇಳಿಯುತ್ತ ಬಂದಿದೆ. 2008ರ ಮೊದಲು ವರ್ಷಕ್ಕೆ ಎರಡು ಮೂರು ಸಾವಿರ ಜನ ಹಿಮದ ಕಣಿವೆ ದಾಟಿ ಬರುತ್ತಿದ್ದರು, ಗಡಿ ಬಿಗಿಯಾದ ಮೇಲೆ ಅದು ನಿಂತೇಹೋದಂತಾಗಿದೆ. ಇಲ್ಲಿಯ ಮಕ್ಕಳು ಬೆಂಗಳೂರು, ಟೊರೊಂಟೊ, ನ್ಯೂಯಾರ್ಕ್ ಎಂದು ಹೊರಟಿದ್ದಾರೆ. ನಮ್ಮ ಹಳ್ಳಿಗಳ ಮಕ್ಕಳೂ ಹೊರಟಿದ್ದಾರೆ, ನಿಜ. ಆದರೆ ನಮ್ಮ ಹುಡುಗ ಹಬ್ಬಕ್ಕೆ ಬರಲು ಸವಣೂರು ಇದ್ದಲ್ಲೇ ಇರುತ್ತದೆ. ಕ್ಯಾಂಪು ಖಾಲಿಯಾದರೆ ಅವರಿಗೆ ಒಟ್ಟಾಗಿ ನಿಲ್ಲಲು ಜಾಗವೇ ಇರುವುದಿಲ್ಲ.

“ದಲೈ ಲಾಮಾ ಇರೂತನಾ ಅಷ್ಟ, ಆಮ್ಯಾಲೆ ಮುಗೀತು.”

2025ರ ಜುಲೈ 6ಕ್ಕೆ ದಲೈ ಲಾಮಾ ಅವರಿಗೆ 90 ತುಂಬಿತು. ಅದಕ್ಕೆ ನಾಲ್ಕು ದಿನ ಮೊದಲು ಅವರು ಈ ಪೀಠ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾಂದೆನ್ ಫೊಡ್ರಾಂಗ್ ಟ್ರಸ್ಟಿಗೆ ಮಾತ್ರ ಇದೆ ಎಂದು ಪ್ರಕಟಿಸಿದರು. ಆ ಅಧಿಕಾರ ತನ್ನದೆಂದು ಚೀನಾ ಹೇಳುತ್ತಲೇ ಇದೆ. ರಾಜಕೀಯ ಅಧಿಕಾರವನ್ನಂತೂ ಅವರು 2011ರಲ್ಲೇ ಚುನಾಯಿತರಿಗೆ ಬಿಟ್ಟುಕೊಟ್ಟಿದ್ದಾರೆ.

ಪೀಠವೊಂದು ಗಡಿಯಾಚೆ ಮುಂದುವರಿಯಬಲ್ಲದೇ ಎಂಬುದಕ್ಕೆ ಮುಂಡಗೋಡದಲ್ಲೇ ಉತ್ತರವಿದೆ. ದಲೈ ಲಾಮಾ ಅವರ ಹಿರಿಯ ಗುರುಗಳಾಗಿದ್ದ ಆರನೆಯ ಲಿಂಗ್ ರಿಂಪೋಚೆ ಟಿಬೆಟಿನಲ್ಲಿ ಹುಟ್ಟಿ, ನಿರಾಶ್ರಿತರಾಗಿ ಭಾರತಕ್ಕೆ ಬಂದು, 1983ರಲ್ಲಿ ತೀರಿಕೊಂಡರು. ಅವರ ಪುನರ್ಜನ್ಮವೆಂದು ಗುರುತಿಸಲಾದ ಏಳನೆಯ ಲಿಂಗ್ ರಿಂಪೋಚೆ ಹುಟ್ಟಿದ್ದು 1985ರಲ್ಲಿ, ಭಾರತದಲ್ಲಿ. ಬಾಲ್ಯದಲ್ಲೇ ಡ್ರೆಪುಂಗಿನ ಲೋಸೆಲಿಂಗ್ ವಿದ್ಯಾಲಯ ಸೇರಿ, ಆ ಅಂಗಳದಲ್ಲೇ ಚಪ್ಪಾಳೆ ತಟ್ಟಿ ವಾದ ಮಾಡಿ ಗೆಶೆಯಾದರು. 2013ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಪೌರತ್ವದ ಆ ದಾವೆ ಗೆದ್ದವರು ಅವರೇ.